ಮನೋಭಾಷಾವಿಜ್ಞಾನ: ಎಲ್ಲಿಂದ ಆರಂಭಿಸಬೇಕು?

ಗೌರಿಬಿದನೂರಿನಿಂದ ಪ್ರಶ್ನೆ:
ನಾನು ಬಿ.ಇಡಿ. ವಿದ್ಯಾರ್ಥಿನಿ. ಮಕ್ಕಳು ಮಾತು ಕಲಿಯುವಾಗ ಅವರ ಮನಸ್ಸಿನಲ್ಲಿ ಏನು ನಡೆಯುತ್ತದೆ ಎಂಬುದನ್ನು ತಿಳಿಯುವ ಆಸೆಯಿದೆ. ಆದರೆ ಭಾಷಾವಿಜ್ಞಾನವಾಗಲಿ ಮನೋವಿಜ್ಞಾನವಾಗಲಿ ಓದಿದವಳಲ್ಲ. ಎಲ್ಲಿಂದ ಆರಂಭಿಸಲಿ? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಮುಳಬಾಗಿಲಿನಿಂದ:
ನಾನು ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಕಲಿಸುವವನು. ಮೊದಲಿಗೆ ಮಿದುಳಿನ ಭಾಗಗಳನ್ನು ವಿವರಿಸುವ ದಪ್ಪ ಪುಸ್ತಕವೊಂದನ್ನು ಹಿಡಿದು, ಬ್ರೋಕಾ, ವರ್ನಿಕೆ ಎಂಬ ಹೆಸರುಗಳನ್ನು ಬಾಯಿಪಾಠ ಮಾಡುತ್ತ ಆರು ತಿಂಗಳು ಕಳೆದೆ. ಅದರಿಂದ ನನ್ನ ತರಗತಿಯ ಒಂದು ಮಗುವಿನ ಮಾತೂ ಹೆಚ್ಚಾಗಿ ಅರ್ಥವಾಗಲಿಲ್ಲ. ದಾರಿ ಕಂಡದ್ದು, ಕಿವಿಗೆ ಬಿದ್ದ ತಪ್ಪು ಮಾತುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಡತೊಡಗಿದ ಮೇಲೆ.

ಒಂದು ಬೆಳಿಗ್ಗೆ ನಮ್ಮ ಮನೆಯಲ್ಲಿ ‘ಕಾಫಿ ಪುಡಿ’ ಎನ್ನಬೇಕಾದ ಕಡೆ ‘ಪಾಫಿ ಕುಡಿ’ ಎಂಬ ಮಾತು ಬಂತು. ಬರವಣಿಗೆಯಲ್ಲಿ ‘ಕಾ’ ಒಂದೇ ಅಕ್ಷರ, ‘ಪು’ ಒಂದೇ ಅಕ್ಷರ; ನಾಲಿಗೆ ತಪ್ಪಿದಾಗ ಮಾತ್ರ ಕ್ ಮತ್ತು ಪ್ ಅದಲುಬದಲಾಗಿ, ಸ್ವರಗಳು ಇದ್ದಲ್ಲೇ ಉಳಿದವು. ಎರಡನೆಯ ಪದದ ವ್ಯಂಜನವು ಮೊದಲನೆಯ ಪದವನ್ನು ಆಡುವ ಹೊತ್ತಿಗಾಗಲೇ ಸಿದ್ಧವಾಗಿತ್ತೆಂದೂ, ಮನಸ್ಸು ಅಕ್ಷರಕ್ಕಿಂತ ಸಣ್ಣ ಘಟಕಗಳನ್ನು ಜೋಡಿಸುತ್ತಿತ್ತೆಂದೂ ಇದರಿಂದ ಊಹಿಸಬಹುದು. ಭಾಷಾವಿಜ್ಞಾನಿ ವಿಕ್ಟೋರಿಯಾ ಫ್ರಾಮ್‌ಕಿನ್ 1971ರಲ್ಲಿ ಇಂಥ ಬಾಯ್ತಪ್ಪುಗಳನ್ನೇ ಸಾಕ್ಷ್ಯವಾಗಿಟ್ಟುಕೊಂಡು ಬರೆದ ಲೇಖನ, ಈ ನೋಟ್‌ಬುಕ್ಕಿನ ಬಲದಿಂದಲೇ ನನಗೆ ಸುಲಭವಾಯಿತು.

ಎರಡನೆಯದಾಗಿ, ಕನ್ನಡದ ಮಕ್ಕಳ ಮೇಲೆಯೇ ನಡೆದ ಅಧ್ಯಯನವೊಂದನ್ನು ಓದಿ. ಜೆಫ್ರಿ ಲಿಡ್ಜ್, ಹೆನ್ರಿ ಗ್ಲೈಟ್‌ಮನ್, ಲೈಲಾ ಗ್ಲೈಟ್‌ಮನ್ 2003ರಲ್ಲಿ ಪ್ರಕಟಿಸಿದ್ದು. ‘ಏರು’ ಎಂಬುದಕ್ಕೆ ‘ಇಸು’ ಸೇರಿದರೆ ‘ಏರಿಸು’ ಆಗುತ್ತದಲ್ಲವೆ? ಇನ್ನೊಬ್ಬರಿಂದ ಕೆಲಸ ಮಾಡಿಸುವುದನ್ನು ತಿಳಿಸಲು ಕನ್ನಡದಲ್ಲಿ ಇಷ್ಟು ಖಚಿತವಾದ ಗುರುತಿದ್ದರೂ, ಪ್ರಾಣಿಗೊಂಬೆಗಳಿಂದ ವಾಕ್ಯವನ್ನು ಆಡಿ ತೋರಿಸುವಾಗ ಮೂರು ವರ್ಷದ ಮಕ್ಕಳು ‘ಮಾಡಿಸುವ’ ಅರ್ಥವಿದೆಯೇ ಎಂದು ತಿಳಿಯಲು ಮುಖ್ಯವಾಗಿ ನೆಚ್ಚಿದ್ದು ಆ ‘ಇಸು’ವನ್ನಲ್ಲ, ವಾಕ್ಯದಲ್ಲಿ ಎಷ್ಟು ನಾಮಪದಗಳಿವೆ ಎಂಬುದನ್ನು. ಮಕ್ಕಳು ಕೇಳಿದ್ದನ್ನಷ್ಟೇ ಒಪ್ಪಿಸುತ್ತಾರೆ ಎಂಬ ನನ್ನ ಹಳೆಯ ನಂಬಿಕೆಯನ್ನು ಇದು ಬುಡಮೇಲು ಮಾಡಿತು. ಇಂಗ್ಲಿಷ್ ಲೇಖನವೆಂದು ಹಿಂಜರಿಯಬೇಡಿ. ಉದಾಹರಣೆಗಳಲ್ಲಿ ಹಲವು ನಮ್ಮ ಭಾಷೆಯವೇ.

ಪಾವಗಡದಿಂದ:
ಮೇಲಿನವರ ಮಾತಿಗೆ ನನ್ನ ಸಹಮತವಿದೆ. ನಮ್ಮ ಗಡಿಭಾಗಕ್ಕೆ ಸಂಬಂಧಿಸಿದ ಒಂದು ವಿಷಯವನ್ನು ಮಾತ್ರ ಸೇರಿಸುತ್ತೇನೆ. ತೆಲುಗು ಮನೆಮಾತಿನ ಮಗು ಕನ್ನಡದಲ್ಲಿ ತಡವರಿಸಿದರೆ ಮಂದಬುದ್ಧಿಯೆಂದು ತೀರ್ಮಾನಿಸುವುದನ್ನು ಕಂಡು ನಾನು ಬಹಳ ನೊಂದಿದ್ದೇನೆ. ಕೇಳುವವರನ್ನು ಸೇರಿಸಿಕೊಂಡರೆ ‘ಮನಮು’, ಬಿಟ್ಟರೆ ‘ಮೇಮು’ ಎಂದು ತೆಲುಗು ಭೇದ ಮಾಡುತ್ತದೆ. ಕನ್ನಡದಲ್ಲಿ ಎರಡಕ್ಕೂ ‘ನಾವು’ ಒಂದೇ. ಇಂಥ ವ್ಯತ್ಯಾಸಗಳಿಂದ ಮಗು ತಡವರಿಸಿದರೆ ಅದು ಮಂದಬುದ್ಧಿಯಲ್ಲ. ನೀವು ಬರೆದಿಡುವ ಪ್ರತಿಯೊಂದು ಮಾತಿನ ಪಕ್ಕದಲ್ಲಿ ಮಗುವಿನ ವಯಸ್ಸನ್ನೂ ಮನೆಮಾತನ್ನೂ ತಪ್ಪದೆ ನಮೂದಿಸಿ. ನಾನು ಮೊದಲ ವರ್ಷ ಹಾಗೆ ಮಾಡದ್ದರಿಂದ, ಆ ಪುಟಗಳಲ್ಲಿ ಯಾವುದು ತೆಲುಗಿನ ಪ್ರಭಾವ, ಯಾವುದು ಎಳೆಯ ವಯಸ್ಸಿನ ಸಹಜ ತಪ್ಪು ಎಂದು ಈಗ ಬೇರ್ಪಡಿಸಲಾಗುತ್ತಿಲ್ಲ.