ಕನ್ನಂಬಾಡಿ ನೀರಿನ ಮಟ್ಟದ ಪುಟ: ಮಳೆ ಜೋರಾದಾಗ ಹಿಟ್ ಕೌಂಟರ್ (ಭೇಟಿಗಳ ಎಣಿಕೆ) 1ಕ್ಕೆ ಬೀಳುತ್ತಿದೆ

ಮಂಡ್ಯ_ಪುಟ:
ಕೆಆರ್‌ಎಸ್ ಮಟ್ಟ, ಒಳಹರಿವು, ಹೊರಹರಿವು ತೋರಿಸುವ ಪಿಎಚ್‌ಪಿ (ಸರ್ವರಿನಲ್ಲಿ ಓಡುವ ಸ್ಕ್ರಿಪ್ಟ್ ಭಾಷೆ) ಪುಟ, ಶೇರ್ಡ್ ಹೋಸ್ಟಿಂಗ್ (ಹಲವರ ತಾಣಗಳಿಗೆ ಒಂದೇ ಸರ್ವರ್). ಕೌಂಟರ್ ಟೆಕ್ಸ್ಟ್ ಫೈಲಿನಲ್ಲಿದೆ: ಓದು, ಒಂದು ಕೂಡಿಸು, ಬರೆ. ಬೇಸಿಗೆಯಲ್ಲಿ ಸರಿಯಿತ್ತು. ಕೊಡಗಿನಲ್ಲಿ ಮಳೆ ಹಿಡಿದು ಮಟ್ಟ 120 ಅಡಿ ದಾಟಿದ ಮೇಲೆ ಜನ ಒಟ್ಟಿಗೇ ಬರ್ತಾರೆ, 48 ಸಾವಿರ ಇದ್ದದ್ದು ಇದ್ದಕ್ಕಿದ್ದ ಹಾಗೆ 1 ಆಗುತ್ತೆ. ‘ಇಂದಿನ ಭೇಟಿ’ ನಡುರಾತ್ರಿಗೆ ಬದಲು ಬೆಳಗ್ಗೆ 5.30ಕ್ಕೆ ಸೊನ್ನೆಯಾಗುತ್ತೆ. ಫೈಲ್ ಪರ್ಮಿಷನ್ (ಯಾರು ಓದಬಹುದು, ಬರೆಯಬಹುದು ಎಂಬ ಅನುಮತಿ) 664. ಎಲ್ಲಿ ನೋಡಲಿ?

ಬೀಗದಕೈ:
ಪರ್ಮಿಷನ್ ಬಿಡಿ ಸರ್, ಬರೆಯೋಕಾಗದಿದ್ದರೆ ಲೆಕ್ಕ ನಿಂತಲ್ಲೇ ನಿಲ್ತಿತ್ತು, ಬೀಳ್ತಿರಲಿಲ್ಲ. ಫೈಲ್ ತೆರೆಯುವ ಎಫ್‌ಓಪನ್‌ಗೆ ‘ಡಬ್ಲ್ಯೂ’ (ಬರೆಯುವ) ಮೋಡ್ ಕೊಟ್ಟಿದೀರಾ ನೋಡಿ. ಆ ಮೋಡ್‌ನಲ್ಲಿ ತೆರೆದ ಕ್ಷಣವೇ ಫೈಲ್ ಖಾಲಿ. ಮೊದಲನೆಯವರ ಸ್ಕ್ರಿಪ್ಟ್ 48,211 ಬರೆಯುವ ಮುಂಚೆ ಎರಡನೆಯವರದ್ದು ಆ ಖಾಲಿ ಫೈಲನ್ನು ಓದುತ್ತೆ. ಖಾಲಿಯನ್ನು ಪೂರ್ಣಾಂಕ ಮಾಡಿದರೆ ಪಿಎಚ್‌ಪಿಗೆ 0, ಒಂದು ಕೂಡಿದರೆ 1, ಅದನ್ನೇ ಬರೆದು ಹೋಗುತ್ತೆ.

‘ಡಬ್ಲ್ಯೂ’ದಲ್ಲಿ ತೆರೆದ ಮೇಲೆ ಎಫ್‌ಲಾಕ್ (ಫೈಲಿಗೆ ಬೀಗ) ಹಾಕಿ ಪ್ರಯೋಜನವಿಲ್ಲ, ಅಷ್ಟರಲ್ಲಿ ಅಳಿಸಿಹೋಗಿರುತ್ತೆ. ‘ಸಿ ಪ್ಲಸ್’ ಮೋಡ್‌ನಲ್ಲಿ (ಅಳಿಸದೆ ಓದಲು, ಬರೆಯಲು) ತೆರೆಯಿರಿ, ಎಕ್ಸ್‌ಕ್ಲೂಸಿವ್ ಲಾಕ್ (ಒಮ್ಮೆಗೆ ಒಬ್ಬರಿಗೇ) ಹಾಕಿ, ಆಮೇಲೆ ಓದಿ. ಒಂದು ಕೂಡಿಸಿ, ಎಫ್‌ಟ್ರಂಕೇಟ್ 0 (ಫೈಲ್ ಖಾಲಿ), ರಿವೈಂಡ್ (ಆರಂಭಕ್ಕೆ ಮರಳು), ಎಫ್‌ರೈಟ್ (ಬರೆ), ಎಫ್‌ಫ್ಲಶ್ (ಬಫರಿನಲ್ಲಿ ಉಳಿದದ್ದನ್ನು ಫೈಲಿಗೆ ಕಳಿಸು), ಕೊನೆಗೆ ಲಾಕ್ ಬಿಡಿ. ರಿವೈಂಡ್ ಮರೆತರೆ ಅಂಕಿಯ ಮುಂದೆ ಶೂನ್ಯ ಬೈಟ್‌ಗಳು ಕೂರುತ್ತವೆ. ಫೈಲ್ ಪುಟ್ ಕಂಟೆಂಟ್ಸ್‌ಗೆ (ಒಂದೇ ಸಲಕ್ಕೆ ಬರೆಯುವ ಫಂಕ್ಷನ್) ಲಾಕ್ ಕೊಡುವುದೂ ಸಾಲದು: ಅದು ಬರೆಯುವಾಗ ಮಾತ್ರ ಕಾಯುತ್ತೆ. ಇಬ್ಬರೂ 48,210 ಓದಿ ಇಬ್ಬರೂ 48,211 ಬರೆದರೆ ಒಂದು ಭೇಟಿ ಹೋಯಿತು.

ಮೈಸೂರು_ಡಿಬಿ:
5.30ರ ಗುಟ್ಟು ಟೈಮ್‌ಝೋನ್. ಸರ್ವರ್ ಯುಟಿಸಿಯಲ್ಲಿದೆ (ವಿಶ್ವ ಪ್ರಮಾಣ ಸಮಯ), ನಾವು ಐದೂವರೆ ಗಂಟೆ ಮುಂದಿದ್ದೇವೆ. ಸ್ಕ್ರಿಪ್ಟಿನ ಮೊದಲ ಸಾಲಿನಲ್ಲೇ ಡೀಫಾಲ್ಟ್ ಟೈಮ್‌ಝೋನ್ ಏಷ್ಯಾ/ಕೋಲ್ಕತ್ತ ಮಾಡಿ. ಹೋಸ್ಟಿಂಗ್ ಜೊತೆ ಮೈಎಸ್‌ಕ್ಯುಎಲ್ (ಡೇಟಾಬೇಸ್) ಇದ್ದರೆ ಫೈಲನ್ನೇ ಬಿಡಿ ಅಂತೀನಿ. ತಾರೀಖು ಪ್ರೈಮರಿ ಕೀ (ಸಾಲನ್ನು ಗುರುತಿಸುವ, ಮರುಕಳಿಸದ ಬೆಲೆ), ಪಕ್ಕದಲ್ಲಿ ಎಣಿಕೆ, ಎರಡೇ ಕಾಲಂ. ‘ಇನ್‌ಸರ್ಟ್, ಆನ್ ಡುಪ್ಲಿಕೇಟ್ ಕೀ ಅಪ್‌ಡೇಟ್’ (ಸಾಲಿಲ್ಲದಿದ್ದರೆ ಸೇರಿಸು, ಇದ್ದರೆ ತಿದ್ದು) ಬಳಸಿ ಎಣಿಕೆಗೆ ಒಂದು ಕೂಡಿಸಿ. ಸಾಲಿನ ಲಾಕನ್ನು ಡೇಟಾಬೇಸೇ ನೋಡಿಕೊಳ್ಳುತ್ತೆ. ತಾರೀಖನ್ನು ಪಿಎಚ್‌ಪಿಯಿಂದಲೇ ಕಳಿಸಿ, ಡೇಟಾಬೇಸಿನ ಗಡಿಯಾರ ಬೇರೆ ಇರಬಹುದು.

ಮಂಡ್ಯ_ಪುಟ:
‘ಸಿ ಪ್ಲಸ್’ ಹಾಕಿದೆ, ಬೀಳೋದು ನಿಂತಿತು. ತಾರೀಖೂ ಸರಿಯಾಯ್ತು. ಆದರೆ ಈಗ ಒಂದು ಸಲ ಪುಟ ತೆರೆದರೆ 2 ಏರುತ್ತೆ.

ಬೀಗದಕೈ:
ಪ್ರೈವೇಟ್ ವಿಂಡೋದಲ್ಲಿ ಒಮ್ಮೆ ತೆರೆದು ಆಕ್ಸೆಸ್ ಲಾಗ್‌ನ (ಸರ್ವರಿಗೆ ಬಂದ ಕೋರಿಕೆಗಳ ದಾಖಲೆ) ಕೊನೆಯ ಸಾಲುಗಳನ್ನು ನೋಡಿ. ಫೆವಿಕಾನ್ (ಟ್ಯಾಬಿನ ಪುಟ್ಟ ಚಿತ್ರ) ಕೋರಿಕೆಗೆ 404 (ಇಲ್ಲ) ಬದಲು 200 (ಸಿಕ್ಕಿತು) ಬಂದಿದ್ದರೆ ಅದೇ ಕಾರಣ. ಬ್ರೌಸರ್ ಐಕಾನ್ ಕೇಳುತ್ತೆ, ಫೈಲ್ ಇಲ್ಲ, ಎಚ್‌ಟಿಆಕ್ಸೆಸ್‌ನ (ತಾಣದ ಸರ್ವರ್ ಸೆಟ್ಟಿಂಗ್ ಫೈಲ್) ರೀರೈಟ್ ನಿಯಮ ಇಲ್ಲದ ಫೈಲುಗಳನ್ನೆಲ್ಲ ಇಂಡೆಕ್ಸ್‌ಗೇ ಕಳಿಸುತ್ತೆ, ಕೌಂಟರ್ ಮತ್ತೊಮ್ಮೆ ಓಡುತ್ತೆ. ನಿಜವಾದ ಐಕಾನ್ ಫೈಲ್ ರೂಟ್‌ನಲ್ಲಿಡಿ. ಲಾಗ್‌ನಲ್ಲಿ ಒಂದೇ ಸಾಲಿದ್ದರೆ ಕೌಂಟರ್ ಫೈಲನ್ನು ಹೆಡರ್, ಫೂಟರ್ ಎರಡರಲ್ಲೂ ಇನ್‌ಕ್ಲೂಡ್ ಮಾಡಿರಬಹುದು.

ಮೈಸೂರು_ಡಿಬಿ:
ಜೊತೆಗೆ ಯೂಸರ್ ಏಜೆಂಟ್‌ನಲ್ಲಿ (ಬಂದವರ ಬ್ರೌಸರ್ ಹೇಳಿಕೊಳ್ಳುವ ಹೆಸರು) ‘ಬಾಟ್’, ‘ಕ್ರಾಲರ್’, ‘ಸ್ಪೈಡರ್’ ಇದ್ದರೆ ಎಣಿಸಬೇಡಿ. ಐಪಿ (ನೆಟ್ ವಿಳಾಸ) ನೋಡಿ ಒಬ್ಬರಿಗೆ ಒಂದೇ ಲೆಕ್ಕ ಅಂತ ಮಾತ್ರ ಮಾಡಬೇಡಿ: ಮೊಬೈಲ್ ನೆಟ್‌ವರ್ಕ್‌ನಲ್ಲಿ ನೂರಾರು ಜನ ಒಂದೇ ಐಪಿ ಹಂಚಿಕೊಂಡಿರುತ್ತಾರೆ, ನಾಲೆ ಬಯಲಿನ ರೈತರೆಲ್ಲ ಒಬ್ಬರೇ ಆಗಿಬಿಡ್ತಾರೆ. 30 ನಿಮಿಷದ ಕುಕಿ (ಬ್ರೌಸರಿನಲ್ಲಿ ಇಡುವ ಗುರುತು) ಸಾಕು.