ತಾರಸಿಯಲ್ಲಿ ಲೆಟ್ಯೂಸ್ ಬೀಜ ಯಾಕೆ ಮೊಳೆಯುತ್ತಿಲ್ಲ?

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಬೆಂಗಳೂರಿನ ವಿಜಯನಗರ, ಮೂರನೇ ಮಹಡಿಯ ಮೇಲಿನ ತಾರಸಿ. ಮಾರ್ಚ್ ಕೊನೆಗೆ ಲೆಟ್ಯೂಸ್, ಪಾರ್ಸ್ಲಿ, ಬೇಸಿಲ್ ಸೊಪ್ಪಿನ ಬೀಜ ಹಾಕಿ ಅರ್ಧ ಇಂಚು ಮಣ್ಣು ಮುಚ್ಚಿದೆ. ಬೇಸಿಲ್ ಚೆನ್ನಾಗಿ ಬಂದಿದೆ. ಉಳಿದೆರಡು ಎರಡು ವಾರವಾದರೂ ಸುಳಿವೇ ಇಲ್ಲ. ಬೀಜ ಹಳೇದಿರಬಹುದಾ?

ಉತ್ತರ: ಬೀಜವನ್ನು ಈಗಲೇ ದೂರಬೇಡಿ ಮೇಡಂ. ಪಾರ್ಸ್ಲಿ ಮೊಳೆಯಲು ಮೂರು ವಾರ ಹಿಡಿಯುವುದು ಮಾಮೂಲು, ಆ ಕುಂಡ ಒಣಗದಂತೆ ನೋಡಿಕೊಳ್ಳಿ ಸಾಕು. ಮುಂದಿನ ಸಲ ರಾತ್ರಿ ನೆನೆಸಿ ಹಾಕಿ.

ಲೆಟ್ಯೂಸ್ ಬೀಜಕ್ಕೆ ಬೇಕಾದ್ದು ತಂಪು ಮತ್ತು ಬೆಳಕು. ಮಣ್ಣು 30 ಡಿಗ್ರಿ ಹತ್ತಿರ ಕಾದರೆ ಒಳ್ಳೆಯ ಬೀಜವೂ ಮೊಳೆಯದೆ ಸುಮ್ನೆ ಕೂತುಬಿಡುತ್ತದೆ. ಏಪ್ರಿಲ್‌ ಮಧ್ಯಾಹ್ನ ಬೆಂಗಳೂರಲ್ಲಿ 34 ಡಿಗ್ರಿ ಇರುತ್ತದೆ, ತಾರಸಿಯ ಕುಂಡದೊಳಗೆ ಇನ್ನೂ ಜಾಸ್ತಿ. ಸಾಲದ್ದಕ್ಕೆ ನೀವು ಮಣ್ಣು ಮುಚ್ಚಿ ಬೆಳಕನ್ನೂ ತಡೆದಿದ್ದೀರಿ. ಬೇಸಿಲ್ ಸೆಕೆಯ ಗಿಡ, ನಮ್ಮ ಕಾಮಕಸ್ತೂರಿಯ ಜಾತಿಯೇ. ಅದಕ್ಕೇ ಅದು ಬಂತು.

ಹೀಗೆ ಮಾಡಿ. ಒದ್ದೆ ಟಿಶ್ಯೂ ಮೇಲೆ ಲೆಟ್ಯೂಸ್ ಬೀಜ ಹರಡಿ, ಡಬ್ಬಿಯಲ್ಲಿಟ್ಟು ಎರಡು ದಿನ ಫ್ರಿಜ್‌ನಲ್ಲಿಡಿ. ಫ್ರೀಜರ್‌ನಲ್ಲಲ್ಲ. ಆಮೇಲೆ ಟ್ರೇಯಲ್ಲಿ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಎರೆಗೊಬ್ಬರ ಬೆರೆಸಿ ನೆನೆಸಿ, ಬೀಜವನ್ನು ಮೇಲೆ ಉದುರಿಸಿ ಬೆರಳಲ್ಲಿ ಮೆತ್ತಗೆ ಒತ್ತಿ. ಮುಚ್ಚಬೇಡಿ. ಟ್ರೇ ಮನೆಯೊಳಗೆ, ಬೆಳಕಿರುವ ತಂಪು ಜಾಗದಲ್ಲಿರಲಿ. ನೀರು ಸ್ಪ್ರೇಯಲ್ಲೇ ಕೊಡಿ, ಮಗ್‌ನಲ್ಲಿ ಸುರಿದರೆ ಬೀಜವೆಲ್ಲ ಒಂದು ಮೂಲೆ ಸೇರುತ್ತವೆ.

ಪ್ರಶ್ನೆ: ಸರ್, ನನಗೆ ಮೊಳಕೆ ಬರುತ್ತದೆ. ಆದರೆ ಎರಡೆಲೆ ಆಗುವಷ್ಟರಲ್ಲಿ ಸಸಿ ಬಾಗಿ ಬಿದ್ದುಹೋಗುತ್ತದೆ.

ಉತ್ತರ: ಬಿದ್ದ ಸಸಿಯ ಬುಡ ನೋಡಿ. ಮಣ್ಣಿಗೆ ತಾಗುವ ಕಡೆ ದಾರದಷ್ಟು ಸಣ್ಣಗಾಗಿ, ಕಂದು ಬಣ್ಣಕ್ಕೆ ತಿರುಗಿದ್ದರೆ ಅದು ಶಿಲೀಂಧ್ರದಿಂದ ಬರುವ ಬುಡ ಕೊಳೆ. ನೀರು ಜಾಸ್ತಿಯಾಗಿದೆ, ಬೀಜ ಒತ್ತೊತ್ತಾಗಿ ಬಿದ್ದಿದೆ, ಗಾಳಿ ಆಡುತ್ತಿಲ್ಲ. ಬಿದ್ದವನ್ನು ಕಿತ್ತೆಸೆಯಿರಿ, ಆ ಮಣ್ಣನ್ನು ಮತ್ತೆ ಬಿತ್ತನೆಗೆ ಬಳಸಬೇಡಿ. ನೀರು ಬೆಳಗ್ಗೆ ಮಾತ್ರ, ಅದೂ ಮೇಲ್ಮಣ್ಣು ಆರಿದ ಮೇಲೆ.

ಪ್ರಶ್ನೆ: ನಮ್ಮ ಲೆಟ್ಯೂಸ್ ಎಲೆ ಕಹಿ ಆಗಿಬಿಟ್ಟಿದೆ ಸರ್. ಗೊಬ್ಬರ ಹಾಕಲಾ?

ಉತ್ತರ: ಗೊಬ್ಬರದಿಂದ ಸರಿಹೋಗುವುದಿಲ್ಲ. ನಡುದಂಟು ಉದ್ದವಾಗಿದೆ ಅಲ್ವಾ? ಚಿವುಟಿದರೆ ಹಾಲು ಬರುತ್ತದೆ. ಸೆಕೆಗೆ ಗಿಡ ಹೂವಿಗೆ ಹೊರಟಿದೆ, ಇನ್ನು ಎಲೆ ಸಿಹಿಯಾಗುವುದಿಲ್ಲ. ಕಿತ್ತುಬಿಡಿ. ಐಸ್‌ಬರ್ಗ್ ಥರ, ಎಲೆಕೋಸಿನಂತೆ ಉಂಡೆ ಕಟ್ಟುವ ತಳಿಗಿಂತ ಬಿಡಿ ಎಲೆಯ ತಳಿ ನಮ್ಮ ಊರಿಗೆ ವಾಸಿ. ಹೊರಗಿನ ಎಲೆ ಕೊಯ್ಯುತ್ತಾ ಹೋಗಬಹುದು. ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಬಿತ್ತಿ, ಹದಿನೈದು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪವೇ. ಈ ಬೇಸಿಗೆಗೆ ಆ ಕುಂಡದಲ್ಲಿ ಬೇಸಿಲ್ ಹಾಕಿ. ಬೀಜ ನೆನೆಸಬೇಡಿ, ಲೋಳೆಯಾಗಿ ಕೈಗೆ ಅಂಟುತ್ತದೆ, ಒಣಗಿದ್ದನ್ನೇ ಉದುರಿಸಿ.