ಹೊರದೇಶದಲ್ಲಿ ಎಚ್‌ಆರ್ ಓದಿದವರು ಇದ್ದೀರಾ? ಇದ್ದದ್ದು ಇದ್ದ ಹಾಗೆ ಹೇಳಿ

ಎಚ್‌ಆರ್‌ನಲ್ಲಿ ಮಾಸ್ಟರ್ಸ್ ಮಾಡಲು ಇಂಗ್ಲೆಂಡ್, ಅಮೆರಿಕ ಎರಡೂ ಕಡೆ ಸೀಟು ಸಿಕ್ಕಿದೆ. ತರಗತಿ ಹೇಗಿರುತ್ತದೆ, ಓದಿದ ಮೇಲೆ ಕೆಲಸ ಸಿಗುತ್ತದಾ? ಏಜೆಂಟರ ಮಾತು ಕೇಳಿ ಸಾಕಾಗಿದೆ.

*

ನಾನು ಇಂಗ್ಲೆಂಡಿನಲ್ಲಿ ಓದಿದೆ. ನೇಮಕಾತಿ, ಸಂಬಳ, ತರಬೇತಿ ಇವೆಲ್ಲ ಹೇಗೋ ಆಯಿತು. ಒದ್ದಾಡಿದ್ದು ಕಾರ್ಮಿಕ ಕಾನೂನಿನಲ್ಲಿ. ಪಕ್ಕದಲ್ಲಿ ಕೂತ ಅಲ್ಲಿಯವರು ಕಾಲೇಜಿನ ದಿನಗಳಲ್ಲೇ ಎಲ್ಲೋ ಕೆಲಸ ಮಾಡಿ ನೋಟಿಸ್, ಯೂನಿಯನ್, ದೂರು ಎಲ್ಲ ಕಂಡಿರುತ್ತಾರೆ, ನನಗೆ ಏಕಾಸ್ ಅಂದರೇನು ಅಂತಲೇ ಗೊತ್ತಿರಲಿಲ್ಲ (ಕೆಲಸದ ಜಗಳ ಟ್ರಿಬ್ಯುನಲ್‌ಗೆ ಹೋಗುವ ಮುಂಚೆ ರಾಜಿಗೆ ಪ್ರಯತ್ನಿಸುವ ಸಂಸ್ಥೆ ಅದು). ಶಿಸ್ತುಕ್ರಮ ಮತ್ತು ದೂರುಗಳ ಬಗ್ಗೆ ಏಕಾಸ್‌ನದೇ ಒಂದು ಸಣ್ಣ ನಿಯಮಾವಳಿ ಇದೆ, ಹೊರಡುವ ಮುಂಚೆ ಓದಿಕೊಳ್ಳಿ. 2010ರ ಸಮಾನತೆ ಕಾಯ್ದೆಯನ್ನೂ ಒಂದು ಸಲ ನೋಡಿ. ಇನ್ನೊಂದು, ಕೋರ್ಸಿಗೆ ಸಿಐಪಿಡಿ (ಅಲ್ಲಿನ ಎಚ್‌ಆರ್ ವೃತ್ತಿಪರರ ಸಂಸ್ಥೆ) ಮಾನ್ಯತೆ ಇದೆಯಾ ಕೇಳಿ. ಅಲ್ಲಿನ ಎಚ್‌ಆರ್ ಜಾಹೀರಾತುಗಳಲ್ಲಿ ಆ ಹೆಸರು ಬರುತ್ತಲೇ ಇರುತ್ತದೆ. ಹಾಗಂತ ಡಿಗ್ರಿ ಬಂದ ತಕ್ಷಣ ಅವರ ಚಾರ್ಟರ್ಡ್ ಸದಸ್ಯರು ಆಗಿಬಿಡುವುದಿಲ್ಲ, ಅದಕ್ಕೆ ಕೆಲಸದ ಅನುಭವ ಬೇಕು.

*

ಕಾನೂನು ಓದಿಕೊಳ್ಳಬಹುದು ಬಿಡಿ. ನನಗೆ ಕಷ್ಟವಾಗಿದ್ದು ಮಾತು. ಒಂದು ರೋಲ್‌ಪ್ಲೇಯಲ್ಲಿ ನಾನು ಎಚ್‌ಆರ್, ಎದುರಿಗೆ ಕೆಲಸ ಸರಿಯಾಗಿ ಮಾಡದ ನೌಕರ. ಅವರ ಮನಸ್ಸಿಗೆ ನೋವಾಗಬಾರದು ಅಂತ ಸುತ್ತಿ ಬಳಸಿ ಹತ್ತು ನಿಮಿಷ ಹೊಗಳಿದೆ. ಮೇಷ್ಟ್ರು ತಡೆದು, "ಇವರಿಗೆ ಈಗ ಬಡ್ತಿ ಸಿಕ್ಕಿದೆ ಅನ್ನಿಸಿದೆ, ಗೊತ್ತಾ?" ಅಂದರು. ಇಡೀ ಕ್ಲಾಸು ನಕ್ಕಿತು. ಇಂಗ್ಲಿಷ್ ಪರೀಕ್ಷೆಯಲ್ಲಿ ಒಳ್ಳೆ ಅಂಕ ಬಂದಿತ್ತು, ಆದರೆ ಕೆಟ್ಟ ಸುದ್ದಿಯನ್ನು ನೇರವಾಗಿ, ಒರಟಾಗದ ಹಾಗೆ ಹೇಳುವುದನ್ನು ಯಾವ ಪರೀಕ್ಷೆಯೂ ಕಲಿಸಿರಲಿಲ್ಲ. ಗ್ರೂಪ್ ವರ್ಕ್‌ನಲ್ಲಿ ಸುಮ್ನೆ ಕೂರಬೇಡಿ, ಅಲ್ಲೇ ಇದರ ಅಭ್ಯಾಸ ಆಗುವುದು.

*

ಅಮೆರಿಕದ ಕಡೆಯಿಂದ. ಇಲ್ಲಿ ಮೊಂಟಾನಾ ಬಿಟ್ಟರೆ ಉಳಿದ ರಾಜ್ಯಗಳಲ್ಲೆಲ್ಲ ಸಾಮಾನ್ಯವಾಗಿ ಕಾರಣ ಕೊಡದೆಯೂ ಕೆಲಸದಿಂದ ತೆಗೆಯಬಹುದು, ಜನಾಂಗ, ಲಿಂಗ, ಧರ್ಮ ಇಂಥ ಕಾರಣಕ್ಕೆ ತೆಗೆಯುವ ಹಾಗಿಲ್ಲ ಅಷ್ಟೆ. ಅದೇ ಜರ್ಮನಿಯಲ್ಲಿ ಐದು ಜನ ಕಾಯಂ ನೌಕರರಿದ್ದರೂ ಆಡಳಿತದ ಜೊತೆ ತಮ್ಮ ಪರವಾಗಿ ಮಾತಾಡುವ ಒಂದು ಕಾರ್ಮಿಕ ಮಂಡಳಿ ಆರಿಸಿಕೊಳ್ಳಬಹುದು. ಒಂದೇ ಪದವಿ, ಆದರೆ ದೇಶ ಬದಲಾದರೆ ಕೆಲಸವೇ ಬೇರೆ. ಆದ್ದರಿಂದಲೇ ಎಚ್‌ಆರ್‌ಗೆ ಹೊರಗಿನವರನ್ನು ತೆಗೆದುಕೊಳ್ಳಲು ಕಂಪನಿಗಳು ಹಿಂದೆ ಮುಂದೆ ನೋಡುತ್ತವೆ. ನನಗೆ ದಾರಿಯಾಗಿದ್ದು ಎಕ್ಸೆಲ್ ಮತ್ತು ಪೇರೋಲ್ ಡೇಟಾ, ನೇಮಕಾತಿ ಅಲ್ಲ.

ವೀಸಾ ವಿಷಯ ಈಗಲೇ ನೋಡಿ. ಓದಿದ ಮೇಲೆ ಒಪಿಟಿ (ವಿದ್ಯಾರ್ಥಿ ವೀಸಾದಲ್ಲೇ ಕೆಲಸ ಮಾಡಲು ಸಿಗುವ ಅನುಮತಿ) 12 ತಿಂಗಳು. ಇನ್ನೂ 24 ತಿಂಗಳು ಬೇಕೆಂದರೆ ಕೋರ್ಸು ಸರ್ಕಾರದ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿರಬೇಕು, ಸಾಮಾನ್ಯ ಎಚ್‌ಆರ್ ಅದರಲ್ಲಿಲ್ಲ. ಕೋರ್ಸಿನ ಹೆಸರು ನಂಬಬೇಡಿ, ಸಿಐಪಿ ಕೋಡ್ (ಕೋರ್ಸು ಯಾವ ವಿಷಯದ್ದು ಅಂತ ಹೇಳುವ ಅಧಿಕೃತ ಸಂಖ್ಯೆ) ಎಷ್ಟು ಅಂತ ಬರಹದಲ್ಲಿ ಕೇಳಿ.

*

ಎಲ್ಲರಿಗೂ ಥ್ಯಾಂಕ್ಸ್. ಕೋಡ್ ಕೇಳಿ ಬರೆದಿದ್ದೆ, ಈಗ ಉತ್ತರ ಬಂತು: 52.1001. ಇದು ಸಾಮಾನ್ಯ ಎಚ್‌ಆರ್ ಕೋಡೇ ಅಲ್ವಾ?

*

ಹೌದು, ಅದೇ. 12 ತಿಂಗಳು ಅಂತಲೇ ಲೆಕ್ಕ ಹಾಕಿಕೊಳ್ಳಿ.